ಸುತ್ತಿಗೆ ಮುಟ್ಟದೆ ಮಾಡಿದ ಕೆಲಸ

ಕೂಸಿನ ಸೊಳ್ಳೆಪರದೆಯ ಮೇಲೆ ಹುಡಿ ಬೀಳುತ್ತಿದೆ ಎಂದು ಮೊದಲು ಹೇಳಿದವಳು ನನ್ನ ಹೆಂಡತಿ. ಹೇಳಿದ ರೀತಿ ನೋಡಿದರೆ ನಾನೇ ಮೇಲೆ ಕೂತು ಅದನ್ನು ಉದುರಿಸುತ್ತಿದ್ದ ಹಾಗಿತ್ತು.

"ಊರ್ನೋರ್ ಮನೆ ಅಟ್ಟ ಎಲ್ಲ ಸರಿ ಮಾಡ್ಕೊಂಡ್ ಬರ್ತೀರಿ. ನಿಮ್ ಮಗಳ ಕೂಸಿನ ಮಕದ್ ಮೇಲೆ ಬೀಳೋದು ಕಣ್ಣಿಗ್ ಕಾಣಲ್ಲ," ಅಂದಳು.

ಬಡಗಿಯ ಮನೆಯ ಮಂಚಕ್ಕೆ ಮೂರೇ ಕಾಲು ಎಂದು ಅವಳು ಮದುವೆಯಾದಾಗಿನಿಂದ ಆಡಿಕೊಳ್ಳುತ್ತಿದ್ದಾಳೆ. ಕಾಫಿ ಕುಯ್ಲು ಮುಗಿದು ಎಸ್ಟೇಟಿನ ಮನೆಗಳಲ್ಲಿ ರಿಪೇರಿ ಕೆಲಸ ಶುರುವಾಗುವ ಕಾಲ ಅದು. ಹೊಂಗಡಹಳ್ಳದ ಕಡೆ ಒಪ್ಪಿಕೊಂಡಿದ್ದ ಕೆಲಸವನ್ನು ಒಂದು ವಾರ ಮುಂದಕ್ಕೆ ಹಾಕಿ ಸ್ವಂತ ಮನೆಯ ಅಟ್ಟ ಹತ್ತಿದೆ.

ನಮ್ಮ ಮನೆ ಸಕಲೇಶಪುರದಿಂದ ಹೆತ್ತೂರಿಗೆ ಹೋಗುವ ರಸ್ತೆಯ ಬದಿಯಲ್ಲಿದೆ. ಕೆಳಗೆ ಹಜಾರ, ಅಡುಗೆಮನೆ, ಒಂದು ಕೋಣೆ. ಆ ಕೋಣೆಯ ಮೇಲೆ ಮಾತ್ರ ಹಲಗೆ ಹಾಸಿದ ಅಟ್ಟ. ಎಸ್ಟೇಟಿನ ಹಳೆಯ ಬಂಗಲೆಯೊಂದನ್ನು ಕೆಡವಿದಾಗ ಸಿಕ್ಕ ಹೊನ್ನೆ ಹಲಗೆಗಳನ್ನು ನಮ್ಮಪ್ಪ ತಂದು ಹಾಸಿದ್ದರು. ಒಂದು ಹಲಗೆಯ ಅಂಚು ಪಕ್ಕದ ಹಲಗೆಯ ಸೀಳಿನೊಳಗೆ ಕೂರುವ ಹಾಗೆ ಕೊರೆದ ಹಳೆಯ ಕಾಲದ ಕೆಲಸ. ಮಧ್ಯದ್ದೊಂದನ್ನು ತೆಗೆಯಬೇಕಾದರೂ ಗೋಡೆಯ ಅಂಚಿನಿಂದಲೇ ಬಿಚ್ಚಿಕೊಂಡು ಬರಬೇಕು. ಹಲಗೆಯ ಕೆಳಗೆ ಅಡ್ಡಕ್ಕೆ ನಂದಿ ಮರದ ತೊಲೆಗಳು. ತೊಲೆಗಳ ಕೆಳಗೆ ಇನ್ನೇನೂ ಇಲ್ಲ, ನೇರವಾಗಿ ಬಾಣಂತಿಯ ಮಂಚ.

ಬಾಣಂತನಕ್ಕೆ ಆ ಕೋಣೆಯನ್ನು ಆರಿಸಿದವಳೂ ನನ್ನ ಹೆಂಡತಿಯೇ. ಕೋಣೆಯ ಒಂದು ಗೋಡೆಯ ಆಚೆ ಬಚ್ಚಲುಮನೆ. ಅಲ್ಲಿ ಹಂಡೆಯ ಒಲೆ ಬೆಳಗಿನಿಂದ ಉರಿಯುತ್ತದೆ, ಅದರ ಶಾಖಕ್ಕೆ ಈಚೆ ಗೋಡೆಯೂ ಬೆಚ್ಚಗಿರುತ್ತದೆ. ತೊಟ್ಟಿಲನ್ನು ಆ ಗೋಡೆಯ ಹತ್ತಿರವೇ ತೂಗುಹಾಕಿದ್ದೆವು. ಅಲ್ಲಿಯ ತೊಲೆಗೆ ನಮ್ಮಪ್ಪ ಹೊಡೆದಿದ್ದ ಕಬ್ಬಿಣದ ಕೊಂಡಿಯಿತ್ತು. ತೊಟ್ಟಿಲು ನನ್ನ ಕೈಯದೇ. ಮೊದಲ ಮೊಮ್ಮಗು ಅನ್ನುವ ಹುಮ್ಮಸ್ಸಿನಲ್ಲಿ ದಪ್ಪ ಹಲಸಿನ ಮರ ಹಾಕಿ ಮಾಡಿದ್ದೆ. ತೊಟ್ಟಿಲೇ ಕೂಸಿನ ಹತ್ತು ಪಾಲು ಭಾರವಿತ್ತು. ಮಗಳಿಗೆ ಆಪರೇಶನ್ ಆಗಿದ್ದರಿಂದ ಹೊಟ್ಟೆಗೆ ಬಲ ಹಾಕುವ ಹಾಗಿರಲಿಲ್ಲ. ಮಂಚದಿಂದ ಏಳುವಾಗಲೆಲ್ಲ ತೊಟ್ಟಿಲ ಹಗ್ಗ ಹಿಡಿದು ಎದ್ದು ಕೂರುತ್ತಿದ್ದಳು.

ತೊಟ್ಟಿಲಿಗೆ ಹಾಕುವ ಶಾಸ್ತ್ರದ ದಿನ ಮೊದಲು ಗುಂಡುಕಲ್ಲನ್ನು ಮಲಗಿಸಿ ತೂಗಿದ್ದರು. ಒರಳಿನ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ನೀರೆರೆದು, ಬಟ್ಟೆ ಸುತ್ತಿ, ಕೂಸಿಗೆ ಮಾಡುವುದನ್ನೆಲ್ಲ ಅದಕ್ಕೆ ಮಾಡಿ ಮಲಗಿಸುವುದು ನಮ್ಮಲ್ಲಿ ಪದ್ಧತಿ. ಹೆಂಗಸರು ಹಾಡು ಹೇಳುತ್ತಿದ್ದರೆ ನಾನು ಬಾಗಿಲಲ್ಲಿ ನಿಂತು ಕೊಂಡಿಯನ್ನೇ ನೋಡುತ್ತಿದ್ದೆ. ಅಷ್ಟು ಭಾರದ ತೊಟ್ಟಿಲು, ಅದರೊಳಗೆ ಕಲ್ಲು, ಆದರೂ ಕೊಂಡಿ ಅಲ್ಲಾಡಲಿಲ್ಲ. ಗುಂಡುಕಲ್ಲು ತಡೆದ ತೊಲೆ ಒಂದು ಹಿಡಿ ಕೂಸನ್ನು ತಡೆಯುವುದಿಲ್ಲವೇ ಅಂದುಕೊಂಡೆ. ತೊಲೆಯ ಪರೀಕ್ಷೆ ಅಲ್ಲಿಗೆ ಮುಗಿಯಿತು ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹುಡಿ ಬೀಳತೊಡಗಿದ್ದು ಆ ಶಾಸ್ತ್ರ ಆದ ಮೇಲೆಯೇ ಎಂಬುದು ನನಗೆ ಹೊಳೆಯಲಿಲ್ಲ.

ಮಗಳಿಗೆ ಅರ್ಧ ಹೊಳೆದಿತ್ತು. "ಅಪ್ಪಾ, ತೂಗ್ದಾಗ್ಲೇ ಜಾಸ್ತಿ ಉದುರೋದು ಇದು," ಅಂದಿದ್ದಳು.

"ಕುಟ್ಟೆ ಹುಳಕ್ಕೆ ನೀನ್ ತೂಗೋದು ಬಿಡೋದು ಏನ್ ಗೊತ್ತಾಗ್ತೈತೆ ಮಗಾ," ಎಂದು ನಕ್ಕಿದ್ದೆ.

ಮೇಲೆ ಹೋಗಿ ನೋಡಿದಾಗ ನನ್ನ ಮಾತೇ ನಿಜವೆನಿಸಿತು. ಬಚ್ಚಲಿನ ಗೋಡೆಯ ಅಂಚಿನ ಹಲಗೆಗಳಲ್ಲಿ ಸಾಸಿವೆಯಷ್ಟು ದಪ್ಪದ ತೂತುಗಳು, ಬೆರಳಲ್ಲಿ ಒತ್ತಿದರೆ ರವೆಯ ಹಾಗೆ ಹುಡಿ. ಕುಟ್ಟೆ ಹಿಡಿದ ಹಲಗೆ ಕಿತ್ತು ಹೊಸ ಹಲಗೆ ಕೂರಿಸಿದರಾಯಿತು. ಬಾಣಂತಿಯನ್ನು ನಾಲ್ಕು ದಿನ ಹಜಾರದಲ್ಲಿ ಮಲಗಿಸು ಎಂದು ಹೆಂಡತಿಯನ್ನು ಕೇಳಿದೆ. ಹಜಾರದ ಬಾಗಿಲಿಂದ ಗಾಳಿ ಬರುತ್ತದೆ, ಬಾಣಂತಿಗೆ ಗಾಳಿ ಸೋಕಿದರೆ ಜೀವಮಾನವೆಲ್ಲ ಮೈಕೈ ನೋವು ಎಂದು ಅವಳು ಒಪ್ಪಲಿಲ್ಲ. ಅದರ ಮೇಲೆ ಒಂದು ಷರತ್ತೂ ಹಾಕಿದಳು.

"ಸುತ್ತಿಗೆ ಸದ್ದು ಒಂದೂ ಕೇಳಿಸ್ಬಾರ್ದು. ಎಳೇ ಕೂಸು, ಬೆಚ್ಚಿ ಬಿದ್ರೆ ಹಾಲು ಕುಡಿಯಲ್ಲ."

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ಹಲಗೆ ಬಿಚ್ಚುವ ಮೊದಲು ತೊಲೆಗಳನ್ನು ಉದ್ದಕ್ಕೂ ಸುತ್ತಿಗೆಯಿಂದ ಬಡಿದು ಕೇಳುತ್ತೇವೆ. ಗಟ್ಟಿ ಮರ ಕಂಚಿನ ಹಾಗೆ ಮಾರುತ್ತರ ಕೊಡುತ್ತದೆ. ಒಳಗೆ ಕೆಟ್ಟ ಮರ ಸದ್ದನ್ನು ನುಂಗಿಕೊಳ್ಳುತ್ತದೆ. ಬೇರೆಯವರ ಮನೆಯಲ್ಲಿ ಇದನ್ನು ಮಾಡದೆ ಒಂದು ಮೊಳೆ ಕಿತ್ತವನಲ್ಲ ನಾನು. ಸ್ವಂತ ಮನೆಯಲ್ಲಿ ಸುತ್ತಿಗೆಯನ್ನು ಕೆಳಗೇ ಇಟ್ಟು ಮೇಲೆ ಹತ್ತಿದೆ. ಕಲ್ಲು ತೂಗಿ ನೋಡಿಯಾಗಿದೆಯಲ್ಲ ಎಂಬ ಧೈರ್ಯ ಬೇರೆ.

ಸದ್ದಿಲ್ಲದ ಕೆಲಸಕ್ಕೆ ನಾನು ಹೂಡಿದ ಉಪಾಯಗಳ ಬಗ್ಗೆ ಆಗ ನನಗೆ ಸ್ವಲ್ಪ ಜಂಬವೇ ಇತ್ತು. ಹುಡಿ ಕೆಳಗೆ ಬೀಳದಿರಲಿ ಎಂದು ಕಾಫಿ ಒಣಹಾಕುವ ಟಾರ್ಪಾಲನ್ನು ತೊಲೆಗಳ ಕೆಳಗೆ ಬಿಗಿದು ಕಟ್ಟಿದೆ. ತೊಟ್ಟಿಲ ಹಗ್ಗ ಹಾಯುವಷ್ಟು ಮಾತ್ರ ಅದಕ್ಕೊಂದು ಸೀಳು ಬಿಟ್ಟೆ. ಹಳೆಯ ಮೊಳೆಗಳ ಬುಡಕ್ಕೆ ಎಣ್ಣೆ ಬಿಟ್ಟು, ನೆನೆಯಲು ಸಮಯ ಕೊಟ್ಟು, ಇಕ್ಕಳದಲ್ಲಿ ತಿರುಗಿಸಿ ತಿರುಗಿಸಿ ಎಳೆದೆ. ಹೊಸ ಹಲಗೆಗಳನ್ನು ಹಿತ್ತಲ ಶೆಡ್ಡಿನಲ್ಲೇ ಕುಯ್ದು, ಅಂಚು ಕೊರೆದು ತಂದೆ. ಮೊಳೆಯ ಬದಲು ಸ್ಕ್ರೂ. ಗೋಡೆಯ ಬದಿಯಲ್ಲಿ ಒಣಗಲು ಪೇರಿಸಿಟ್ಟಿದ್ದ ಹಲಸಿನ ಹಲಗೆಗಳ ರಾಶಿ ಅಡ್ಡವಾಗಿತ್ತು. ಅದನ್ನು ಒಂದೊಂದಾಗಿ ಎತ್ತಿ ಅಟ್ಟದ ನಡುವಿಗೆ ಸಾಗಿಸಿದೆ. ಆಮೇಲೆ ಅಂಚಿನ ಮೂರು ಹಲಗೆ ಕಿತ್ತೆ. ಕೂಸು ಒಮ್ಮೆಯೂ ಬೆಚ್ಚಲಿಲ್ಲ. ಹೆಂಡತಿ ಮಧ್ಯಾಹ್ನ ತಾನಾಗಿಯೇ ಇನ್ನೊಂದು ಲೋಟ ಕಾಫಿ ಕೊಟ್ಟಳು.

ಮಾರನೆಯ ಬೆಳಿಗ್ಗೆ ಮೊದಲ ಹೊಸ ಹಲಗೆ ಇಟ್ಟು ಸ್ಕ್ರೂ ತಿರುಗಿಸಿದೆ. ಎರಡು ತೊಲೆಗಳಲ್ಲಿ ಕಚ್ಚಿ ಕೂತಿತು. ತೊಟ್ಟಿಲು ತೂಗುಹಾಕಿದ್ದ ತೊಲೆಯಲ್ಲಿ ಮಾತ್ರ ಸ್ಕ್ರೂ ಸುಮ್ಮನೆ ತಿರುಗುತ್ತಲೇ ಹೋಯಿತು. ಹಳೆಯ ಮೊಳೆಯ ತೂತು ಸಿಕ್ಕಿರಬೇಕೆಂದು ಒಂದು ಗೇಣು ಸರಿಸಿ ಹಾಕಿದೆ. ಅಲ್ಲೂ ಅದೇ. ಹಲಗೆ ಸರಿಸಿ, ಉಳಿಯ ಮೊನೆಯಿಂದ ತೊಲೆಯ ಮೇಲ್ಮೈ ಕೆರೆದೆ. ಒಂದು ಬೆರಳು ದಪ್ಪ ಮೇಲಿನ ಪದರ ಗಟ್ಟಿಯಾಗಿತ್ತು. ಅದನ್ನು ದಾಟಿದ ಉಳಿ ಯಾವ ಅಡ್ಡಿಯೂ ಇಲ್ಲದೆ ಹಿಡಿಯವರೆಗೆ ಇಳಿದುಹೋಯಿತು. ಹೊರಗೆಳೆದಾಗ ಅದರ ಮೈಗೆ ಕಪ್ಪಗೆ, ಒದ್ದೆಯಾಗಿ, ಕಾಫಿ ಚರಟದಂಥದ್ದು ಮೆತ್ತಿಕೊಂಡಿತ್ತು.

ನಾನು ಮೊಣಕಾಲೂರಿ ಹಾಗೆಯೇ ಕೂತೆ. ಕೆಳಗೆ ಮಗಳು ತೊಟ್ಟಿಲು ತೂಗುತ್ತಿದ್ದಳು. ತೊಟ್ಟಿಲು ಆಚೆ ಹೋದಾಗ ತೊಲೆಯ ತುದಿ, ಗೋಡೆಯಲ್ಲಿ ಅದು ಕೂತಿದ್ದ ಗೂಡಿನೊಳಗೆ ಒಂದು ಎಳೆ ಸರಿಯಿತು. ಈಚೆ ಬಂದಾಗ ಮತ್ತೆ ಸರಿಯಿತು. ಸರಿದಾಗಲೆಲ್ಲ ಗೂಡಿನ ಬಾಯಿಂದ ಒಂದು ಚಿಟಿಕೆ ಹುಡಿ ಉದುರಿತು. ಪರದೆಯ ಮೇಲೆ ಬೀಳುತ್ತಿದ್ದುದು ಇದು. ಹುಳ ತಿಂದದ್ದು ಹಲಗೆಯನ್ನು ಅಷ್ಟೇ. ತೊಲೆಯನ್ನು ತಿಂದದ್ದು ಬಚ್ಚಲಿನ ಹಬೆ. ಎಷ್ಟು ವರ್ಷದಿಂದಲೋ ಅದು ಗೋಡೆಯ ಮೂಲಕ ತುದಿಗೆ ಇಳಿದಿತ್ತು, ಬಾಣಂತಿಯ ನೀರಿಗೆಂದು ಒಲೆ ದಿನವಿಡೀ ಉರಿಯತೊಡಗಿದ ಮೇಲೆ ಇನ್ನೂ ಹೆಚ್ಚಾಗಿತ್ತು.

ಹಾಗಾದರೆ ಗುಂಡುಕಲ್ಲನ್ನು ತಡೆದದ್ದು ಯಾವುದು? ನಾನು ಕಿತ್ತು ಗೋಡೆಗೆ ಒರಗಿಸಿದ್ದ ಮೂರು ಹಳೆಯ ಹಲಗೆಗಳು. ಕುಟ್ಟೆ ಹಿಡಿದಿದ್ದರೂ ಅವು ಅಕ್ಕಪಕ್ಕದ ಗಟ್ಟಿ ತೊಲೆಗಳಿಗೆ ಮೊಳೆ ಕಚ್ಚಿಕೊಂಡು ಈ ಕೆಟ್ಟ ತುದಿಯನ್ನು ಎತ್ತಿ ಹಿಡಿದಿದ್ದವು. ಅವನ್ನು ನಾನು ಎಣ್ಣೆ ಬಿಟ್ಟು ನಯವಾಗಿ ಬಿಡಿಸಿದ್ದೆ. ಅದು ಸಾಲದೆಂದು ಹಲಸಿನ ರಾಶಿಯನ್ನು ತೊಲೆಯ ನಟ್ಟನಡುವಿಗೆ ತಂದು ಹೇರಿದ್ದೆ. ಟಾರ್ಪಾಲು ಕಟ್ಟಿ ಕೆಳಗಿನವರ ಕಣ್ಣಿಗೂ ಪರದೆ ಎಳೆದಿದ್ದೆ. ಅಂಥ ಹೆದರಿಕೆ ನನಗೆ ಹಿಂದೆಂದೂ ಬಂದಿರಲಿಲ್ಲ. ಮರದಿಂದ ಬಿದ್ದಿದ್ದೇನೆ, ಗರಗಸಕ್ಕೆ ಬೆರಳು ಕೊಟ್ಟಿದ್ದೇನೆ. ಆ ಭಯಗಳು ಬಂದಷ್ಟೇ ಬೇಗ ಹೋಗಿದ್ದವು. ಇದು ಹೋಗಲಿಲ್ಲ.

ಕೂಗಿಕೊಳ್ಳೋಣ ಎಂದು ಬಾಯಿ ತೆರೆದೆ, ಮುಚ್ಚಿದೆ. ಕೂಗಿದರೆ ಮಗಳು ಗಾಬರಿಯಿಂದ ಏಳುತ್ತಾಳೆ. ಏಳುವಾಗ ಹಗ್ಗ ಹಿಡಿದು ಎಳೆಯುತ್ತಾಳೆ. ಓಡಿ ಇಳಿಯೋಣವೆಂದರೆ ಏಣಿಯಿರುವುದು ರಾಶಿಯ ಆಚೆ, ನನ್ನ ಹೆಜ್ಜೆಗೆ ಅಟ್ಟವೆಲ್ಲ ಅದುರುತ್ತದೆ. ಬಚ್ಚಲಿನಲ್ಲಿ ಹೆಂಡತಿ ಸೌದೆ ಮುರಿಯುವುದು ಕೇಳುತ್ತಿತ್ತು. ಇನ್ನೇನು ನೀರು ಕಾದಿದೆ ಎಂದು ಅವಳೇ ಮಗಳನ್ನು ಕರೆಯುತ್ತಾಳೆ.

ಪಕ್ಕದ ಎರಡು ತೊಲೆಗಳಿಗೆ ಉಳಿ ಒತ್ತಿ ನೋಡಿದೆ. ಗಟ್ಟಿಯಿದ್ದವು. ಹೊಸ ಹಲಗೆಯನ್ನು ಅವೆರಡರ ಮೇಲೆ ಅಡ್ಡ ಇಟ್ಟು ಅದರ ಮೇಲೆ ಬೋರಲು ಮಲಗಿದೆ. ಎರಡೂ ಕೈ ಇಳಿಬಿಟ್ಟು ಕೊಂಡಿಯ ಕೆಳಗೆ ತೊಟ್ಟಿಲ ಹಗ್ಗ ಹಿಡಿದೆ. ತೂಗಾಟ ನಿಂತಿತು. ನಿಧಾನವಾಗಿ ಭಾರವನ್ನು ನನ್ನ ತೋಳಿಗೆ ತೆಗೆದುಕೊಂಡೆ. ಆ ತೊಟ್ಟಿಲನ್ನು ಅಷ್ಟು ಭಾರ ಮಾಡಿದ ನನ್ನ ಬುದ್ಧಿಗೆ ಬೈದುಕೊಂಡೆ.

"ಅಪ್ಪಾ, ಹಗ್ಗ ಎಲ್ಲೋ ಸಿಕ್ಕಾಕ್ಕೊಂತು," ಕೆಳಗಿನಿಂದ ಮಗಳು ಅಂದಳು.

"ನಾನೇ ಹಿಡ್ಕೊಂಡಿದೀನಿ ಮಗಾ. ಕೂಸು ಮಲಗ್ತಾ?"

"ಈಗ್ ಕಣ್ಣು ಹತ್ತೈತೆ. ಯಾಕೆ?"

"ಮರಕ್ಕೆ ಔಷ್ದಿ ಬಳೀಬೇಕು. ನಾತ ಹೊಡೀತದೆ. ಕೂಸ್ನ ಎತ್ಕೊಂಡು ಹಜಾರಕ್ಕೆ ಹೋಗು."

"ಅಮ್ಮ ಬೈತಾಳೆ. ನೀರು ಹಾಕ್ಕೊಂಡ್ ಬಂದ್ಮೇಲೆ ಬಳ್ಕೊಳಪ್ಪ. ಈಗ್ ಎತ್ತಿದ್ರೆ ಎದ್ಬುಡ್ತದೆ."

ಅಷ್ಟು ಹೇಳಿ ಅವಳು ಏಳಲು ಹಗ್ಗಕ್ಕೆ ಕೈ ಹಾಕಿದಳು. ನನ್ನ ಮುಷ್ಟಿಯೊಳಗೆ ಹಗ್ಗ ಬಿಗಿಯಾಯಿತು. ಗೋಡೆಯ ಗೂಡಿನಲ್ಲಿ ಏನೋ ಕರಕ್ ಅಂದಿತು.

"ಹಗ್ಗ ಬಿಡು."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಹಗ್ಗ ಸಡಿಲವಾಯಿತು. ಅವಳು ಚಿಕ್ಕಂದಿನಲ್ಲಿ ನನ್ನ ಶೆಡ್ಡಿನ ಗರಗಸದ ಹೊಟ್ಟಿನಲ್ಲೇ ಆಡಿ ಬೆಳೆದವಳು. ಕೂಸು ಏಳದಷ್ಟು ಮೆತ್ತಗೆ ಕೇಳಿದಳು.

"ತೊಲೆನಾ ಅಪ್ಪಾ?"

"ಹ್ಞೂಂ."

"ಎತ್ತಿಂದ ಇಳೀಲಿ?"

"ಕಿಟಕಿ ಕಡೆಯಿಂದ. ಏನೂ ಹಿಡೀಬೇಡ. ಮಗ್ಗುಲಾಗಿ ಮೊಣಕೈ ಊರಿ ಏಳು. ಅವಸರ ಬ್ಯಾಡ ಕಣವ್ವ."

ಮಂಚ ಕಿರುಗುಟ್ಟಿತು. ನೋವಿಗೆ ಅವಳು ಉಸಿರು ಬಿಗಿಹಿಡಿದದ್ದು ಕೇಳಿಸಿತು. ಟಾರ್ಪಾಲಿನ ಸೀಳಿನಲ್ಲಿ ನನಗೆ ಕಾಣುತ್ತಿದ್ದುದು ಒಂದು ತುಂಡು ಸೊಳ್ಳೆಪರದೆ. ಅದು ಅಲ್ಲಾಡಿತು. ಕೂಸನ್ನು ಎತ್ತಿಕೊಂಡರೆ ಭಾರ ಇಳಿದದ್ದು ಕೈಗೆ ತಿಳಿಯುತ್ತದೆ ಎಂದು ಕಾಯುತ್ತಿದ್ದೆ. ತಿಳಿಯಲೇ ಇಲ್ಲ, ಅಷ್ಟು ಹಗುರ ಅದು. ತೋಳುಗಳು ಕಿತ್ತುಬರುತ್ತಿದ್ದವು, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒಳಗೆ ಕೂಸು ಇದೆಯೋ ಇಲ್ಲವೋ ಗೊತ್ತಾಗದೆ ಹಿಡಿದುಕೊಂಡೇ ಇದ್ದೆ. ಕೊನೆಗೆ ಹಜಾರದಿಂದ ಹೆಂಡತಿಯ ಗಲಾಟೆ ಕೇಳಿಸಿತು.

"ಯಾರ್ ನಿನ್ನ ಹೊರಗ್ ಬಾ ಅಂದಿದ್ದು? ಗಾಳೀಲಿ ಕೂಸ್ನ ಎತ್ಕೊಂಡ್ ಬಂದ್ಬುಟ್ಟಿದೀಯಲ್ಲ, ತಲೆಗ್ ಬಟ್ಟೆನೂ ಕಟ್ಟಿಲ್ಲ."

ನನ್ನ ಮದುವೆಯ ಬಾಳಿನಲ್ಲಿ ಅವಳ ಬೈಗುಳ ಅಷ್ಟು ಹಿತವಾಗಿ ಎಂದೂ ಕೇಳಿಸಿರಲಿಲ್ಲ. ಹಗ್ಗವನ್ನು ಎಳೆಎಳೆಯಾಗಿ ಸಡಿಲಿಸಿದೆ. ಗೋಡೆಯ ಅಂಚಿಗೆ ಅಂಟಿಕೊಂಡೇ ತೆವಳಿ ಏಣಿಯ ಹತ್ತಿರ ಬಂದೆ. ಇಳಿದು ಕೊನೆಯ ಮೆಟ್ಟಿಲ ಮೇಲೆ ಕೂತೆ. ಹೆಂಡತಿ ನನ್ನ ಮುಖ ನೋಡಿ ಬೈಯುವುದನ್ನು ಅರ್ಧಕ್ಕೆ ನಿಲ್ಲಿಸಿ, ಹಜಾರದ ಬಾಗಿಲು ಹಾಕಿಕೊಂಡು ಬಂದಳು.

ಪೇಟೆಯ ಸಾಮಿಲ್ಲಿನ ಸಾಬರು ನನಗೆ ಹಳೆಯ ಸ್ನೇಹಿತರು. ಫೋನು ಮಾಡಿದ್ದಕ್ಕೆ ಜೀಪಿನಲ್ಲಿ ಎರಡು ಲಾರಿ ಜಾಕಿಗಳನ್ನೂ ಸಿಲ್ವರ್ ಓಕ್ ಮರದ ಕಂಬಗಳನ್ನೂ ಹಾಕಿಕೊಂಡು ಬಂದರು. ಟಾರ್ಪಾಲು ಬಿಚ್ಚಿ ಕೆಳಗಿನಿಂದ ತೊಲೆ ನೋಡಿದರು. ಗೋಡೆಯ ಹತ್ತಿರ ಕೂದಲೆಳೆಯ ಬಿರುಕೊಂದು ಕೊಂಡಿಯವರೆಗೂ ಬಂದಿತ್ತು. ಟಾರ್ಪಾಲು ಇಲ್ಲದಿದ್ದರೆ ಮಂಚದಲ್ಲಿ ಮಲಗಿದ ನನ್ನ ಮಗಳಿಗೇ ಅದು ಕಾಣುತ್ತಿತ್ತು.

"ಇಲ್ಲಿ ಬಿಡಿ ಆಚಾರ್ರೇ. ಜಾಕಿ ನಾನ್ ಎತ್ತೀನಿ. ನೀವು ಮೇಲ್ಗಡೆ ಕಣ್ಣಿಟ್ಟು ಸಾಕು ಅಂದ್ರೆ ನಿಲ್ಲಿಸ್ತೀನಿ," ಅಂದರು ಸಾಬರು.

ಮೊದಲು ಮಂಚ ತೊಟ್ಟಿಲು ಎರಡನ್ನೂ ಹೊರಗೆ ಸಾಗಿಸಿದೆವು. ಕಾವಿ ನೆಲ ಒಡೆಯದಿರಲೆಂದು ದಪ್ಪ ಹಲಗೆ ಹಾಸಿ, ಅದರ ಮೇಲೆ ಜಾಕಿ, ಜಾಕಿಯ ಮೇಲೆ ಕಂಬ. ಒಂದು ಆಸರೆ ಕೊಂಡಿಯ ಹತ್ತಿರ, ಇನ್ನೊಂದು ರಾಶಿಯ ಅಡಿಗೆ. ಸಾಬರು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿದರು. ಕಂಬದ ತಲೆ ತೊಲೆಗೆ ಮುಟ್ಟಿತು, ಬಿಗಿಯಾಯಿತು. ಇನ್ನೊಂದು ಕಾಲು ಸುತ್ತು ತಿರುಗಿಸುತ್ತಲೇ ಗೋಡೆಯೊಳಗಿನ ತುದಿ ಪುಸಕ್ಕನೆ ಮುರಿದು, ತೊಲೆ ಕಂಬದ ಮೇಲೆ ಕೂತಿತು. ದೊಡ್ಡ ಸದ್ದೇನೂ ಇಲ್ಲ. ಗೂಡಿನಿಂದ ಒಂದು ಮೊರದಷ್ಟು ಕಪ್ಪು ಹುಡಿ ನೆಲಕ್ಕೆ ಸುರಿಯಿತು. ಸಾಬರು ಜಾಕಿ ಬಿಟ್ಟು ಹಣೆ ಒರೆಸಿಕೊಂಡು ಹೊರಗೆ ಹೋಗಿ ಬೀಡಿ ಹಚ್ಚಿದರು. ನಾನು ಆ ಹುಡಿ ಬಿದ್ದ ಜಾಗ ನೋಡುತ್ತ ನಿಂತೆ. ತೊಟ್ಟಿಲು ಇದ್ದದ್ದು ಅಲ್ಲೇ.

ಆಮೇಲಿನ ಕೆಲಸದಲ್ಲಿ ಗೊಂದಲವಿರಲಿಲ್ಲ. ರಾಶಿಯನ್ನು ಒಂದೊಂದೇ ಹಲಗೆಯಾಗಿ ಕೆಳಗಿಳಿಸಿದೆವು. ಎಲ್ಲ ತೊಲೆಗಳನ್ನೂ ಸುತ್ತಿಗೆಯಿಂದ ಬಡಿದು ಕೇಳಿದೆ, ಸುತ್ತಿಗೆ ತಂದುಕೊಟ್ಟವಳು ಹೆಂಡತಿಯೇ. ಕೆಟ್ಟ ತೊಲೆಯನ್ನು ಗಟ್ಟಿ ಮರ ಸಿಗುವವರೆಗೆ ಕತ್ತರಿಸಿ, ಎರಡೂ ಮಗ್ಗುಲಿಗೆ ಮತ್ತಿ ಮರದ ಉದ್ದ ತುಂಡುಗಳನ್ನು ಜೋಡಿಸಿ, ಆರಪಾರ ಬೋಲ್ಟು ಹಾಕಿ ಬಿಗಿದೆ. ಗೋಡೆಯ ಗೂಡು ಕೆರೆದು ಅಡಿಗೆ ಕಲ್ಲುಚಪ್ಪಡಿ ಇಟ್ಟೆ. ತೊಲೆಯ ತುದಿಗೆ ಡಾಂಬರು ಬಳಿದು, ಸುತ್ತಲೂ ಗಾಳಿಯಾಡುವಷ್ಟು ಸಂದು ಬಿಟ್ಟೆ. ಬಚ್ಚಲಿನ ಗೋಡೆಗೆ ಸಿಮೆಂಟು ಗಾರೆ ಮಾಡಿಸಿ, ಹಬೆ ಹೋಗಲು ಮಾಡಿನಲ್ಲೊಂದು ಕಿಂಡಿ ತೆಗೆಸಿದೆ. ಕೊನೆಗೆ ಹೊಸ ಹಲಗೆ ಕೂರಿಸಿದೆ. ಈ ಸಲ ಒಂದೊಂದು ಸ್ಕ್ರೂ ಕಚ್ಚುವಾಗಲೂ ಉಸಿರು ಬಿಗಿಹಿಡಿದೇ ತಿರುಗಿಸಿದೆ.

ಕೆಲಸ ಮುಗಿದರೂ ನನ್ನ ಹೆದರಿಕೆ ಮುಗಿಯಲಿಲ್ಲ. ಮಂಚ ಕೋಣೆಗೆ ಹೋಯಿತು, ತೊಟ್ಟಿಲು ಮಾತ್ರ ಹಜಾರದಲ್ಲೇ ಉಳಿಯಿತು. ಡಾಂಬರು ಒಣಗಲಿ ಎಂದೆ. ಬೋಲ್ಟು ಸರಿಯಾಗಿ ಕೂರಲಿ ಎಂದೆ. ಕೂಸು ತಾಯಿಯ ಮಗ್ಗುಲಲ್ಲೇ ಬೆಚ್ಚಗಿರುತ್ತದಲ್ಲ ಎಂದೆ. ಯಾರೂ ಇಲ್ಲದಾಗ ಕೋಣೆಗೆ ಹೋಗಿ ಕೊಂಡಿ ಹಿಡಿದು ನಾನೇ ಜೋತುಬಿದ್ದೆ. ತೊಲೆ ಮಿಸುಕಲಿಲ್ಲ. ಆ ತೊಲೆ ಈಗ ಈ ಮನೆಗಿಂತ ಹೆಚ್ಚು ಬಾಳುತ್ತದೆ ಎಂದು ಬಡಗಿಯಾಗಿ ನನಗೆ ಗೊತ್ತು. ಗೊತ್ತಿದ್ದೂ ಅದರ ಅಡಿಗೆ ತೊಟ್ಟಿಲು ತರಲು ಮನಸ್ಸು ಬರಲಿಲ್ಲ.

"ಇನ್ನೆಷ್ಟ್ ದಿನ ಈ ತೊಟ್ಟಿಲು ಹಜಾರದಲ್ಲಿ ಅಡ್ಡ ಬಿದ್ದಿರ್ಬೇಕು?" ಎಂದು ಹೆಂಡತಿ ಕೇಳಿದಳು. ನಾನು ಕೇಳಿಸದವನ ಹಾಗೆ ಶೆಡ್ಡಿಗೆ ಹೊರಟೆ. ಮಗಳು ಬಾಗಿಲಲ್ಲಿ ಅಡ್ಡ ನಿಂತಿದ್ದಳು, ತಲೆಗೆ ಬಟ್ಟೆ ಕಟ್ಟಿಕೊಂಡು, ಕೂಸನ್ನು ಎತ್ತಿಕೊಂಡು.

"ಕಟ್ಟಪ್ಪ," ಅಂದಳು. "ನಾನೇ ಹೆದ್ರಿಲ್ಲ."

ಕಟ್ಟಿದೆ. ಗಂಟನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಅವಳು ಕೂಸನ್ನು ಮಲಗಿಸಿ ಹಗ್ಗವನ್ನು ನನ್ನ ಕೈಗೆ ಕೊಟ್ಟಳು. ತೂಗಿದೆ. ತೊಟ್ಟಿಲು ಆಚೆ ಹೋಗಿ ಈಚೆ ಬಂದಿತು. ನಾನು ಗೋಡೆಯ ಗೂಡನ್ನು ನೋಡಿದೆ, ಬೋಲ್ಟುಗಳನ್ನು ನೋಡಿದೆ, ಮತ್ತೆ ಗೂಡನ್ನು ನೋಡಿದೆ. 

"ಅಪ್ಪಾ, ಮೇಲೆ ನೋಡಿದ್ದು ಸಾಕು," ಅಂದಳು ಮಗಳು. "ಕೂಸಿನ ಮಕ ನೋಡು. ಬಂದಾಗಿಂದ ನೀನು ನೆಟ್ಟಗೆ ನೋಡೇ ಇಲ್ಲ."

ನೋಡಿದೆ. ಅದು ನಿದ್ದೆ ಮಾಡಿರಲಿಲ್ಲ. ಕಣ್ಣು ಅಗಲಿಸಿಕೊಂಡು ಅದೂ ತೊಲೆಯನ್ನೇ ನೋಡುತ್ತಿತ್ತು.